ಬಂದು ಹೋದವರ ಊರು, ಬಂದು ನಿಂತವರ ಊರು

ಊರು ತೋರಿಸುವುದೂ ಕತೆ ಹೇಳುವ ಒಂದು ಬಗೆಯೇ. ಕತೆಯನ್ನು ಎಲ್ಲಿಂದ ಶುರು ಮಾಡಬೇಕು, ಯಾರನ್ನು ಮುಂದೆ ತರಬೇಕು, ಯಾರನ್ನು ಬಾಗಿಲ ಮರೆಯಲ್ಲೇ ನಿಲ್ಲಿಸಬೇಕು, ಎಲ್ಲಿ ಮುಗಿಸಬೇಕು ಎಂಬುದನ್ನೆಲ್ಲ ಕತೆಗಾರ ತೀರ್ಮಾನಿಸುತ್ತಾನೆ. ಬಾಡಿಗೆ ಗಾಡಿಯಲ್ಲಿ ಕೂರಿಸಿಕೊಂಡು ಊರು ಸುತ್ತಿಸುವವನು ಮಾಡುವುದೂ ಇದನ್ನೇ. ಕತೆ ಓದುವಾಗ, ಇದನ್ನು ಯಾರೋ ಕಟ್ಟಿದ್ದಾರೆ ಎಂಬ ಎಚ್ಚರ ನಮಗಿರುತ್ತದೆ. ಗಾಡಿಯಲ್ಲಿ ಕೂತಾಗ ಆ ಎಚ್ಚರ ತಪ್ಪುತ್ತದೆ. ಕಣ್ಣಿಗೆ ಬಿದ್ದದ್ದೇ ಊರು ಎಂದು ನಂಬಿಬಿಡುತ್ತೇವೆ. ಆದ್ದರಿಂದ ಒಂದು ಕಥಾಸಂಕಲನವನ್ನು ವಿಮರ್ಶೆಗೆ ಒಡ್ಡುವ ಹಾಗೆ ಇಂಥ ಊರುಸುತ್ತನ್ನೂ ವಿಮರ್ಶೆಗೆ ಒಡ್ಡಬೇಕಾಗಿದೆ. ನಾನಿಲ್ಲಿ ಎತ್ತಿಕೊಂಡಿರುವುದು ಕೊಚ್ಚಿಯನ್ನು. ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿಗಳನ್ನು ಆಟೋದಲ್ಲೋ ಕಾರಿನಲ್ಲೋ ಮೂರು ನಾಲ್ಕು ಗಂಟೆಗಳಲ್ಲಿ ತೋರಿಸಿ ಮುಗಿಸುವ ಆ ಪ್ರಸಿದ್ಧ ಸುತ್ತನ್ನು.

ಈ ಸುತ್ತಿನ ಹಾದಿ ಹೆಚ್ಚುಕಡಿಮೆ ನಿಗದಿಯಾದದ್ದು. ಮೊದಲು ಕಡಲ ಬಾಯಿಯಲ್ಲಿರುವ ಚೀನೀ ಬಲೆಗಳು. ಬಳಿಕ ವಾಸ್ಕೋ ಡ ಗಾಮನನ್ನು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚು, ಸಾಂತಾ ಕ್ರೂಸ್ ಬೆಸಿಲಿಕಾ, ಡಚ್ಚರ ಸ್ಮಶಾನ. ದಾರಿಯಲ್ಲಿ ಧೋಬಿಖಾನೆ. ಆಮೇಲೆ ಮಟ್ಟಾಂಚೇರಿಯ ಡಚ್ ಅರಮನೆ, ಜ್ಯೂ ಟೌನಿನ ಸಿನಗಾಗ್, ಕೊನೆಗೆ ಸಾಂಬಾರ ಪದಾರ್ಥ ಮತ್ತು ಕರಕುಶಲ ವಸ್ತುಗಳ ಅಂಗಡಿ. ಚಾಲಕರು ಇವನ್ನು 'ಪಾಯಿಂಟ್' ಎಂದು ಕರೆಯುತ್ತಾರೆ. ಎಂಟು ಪಾಯಿಂಟಿಗೆ ಇಷ್ಟು, ಹತ್ತು ಪಾಯಿಂಟಿಗೆ ಇಷ್ಟು ಎಂದು ಬಾಡಿಗೆ. ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಹೋಗುವ ನಡುವಿನ ದಾರಿಗೆ ಲೆಕ್ಕವಿಲ್ಲ. ಊರು ಇರುವುದಾದರೋ ಆ ನಡುವಿನ ದಾರಿಯಲ್ಲಿ.

ಮೊದಲು ಈ ಸುತ್ತಿನ ಗುಣವನ್ನು ಹೇಳಿಬಿಡುವುದು ನ್ಯಾಯ. ಕೊಚ್ಚಿಯ ಸೆಕೆಯಲ್ಲಿ ವಯಸ್ಸಾದ ತಂದೆತಾಯಿಯನ್ನು, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ನಡೆದು ನೋಡಿ ಎಂದು ಉಪದೇಶ ಮಾಡುವುದು ಸುಲಭ, ನಡೆಯುವುದು ಕಷ್ಟ. ಸಿನಗಾಗ್ ಶನಿವಾರ ತೆರೆಯುವುದಿಲ್ಲ ಎಂಬುದು ಚಾಲಕರಿಗೆ ಗೊತ್ತು. ಯಾವ ಓಣಿಯಲ್ಲಿ ಗಾಡಿ ತಿರುಗುತ್ತದೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ ಎಂಬುದೂ ಗೊತ್ತು. ನಾಲ್ಕು ಭಾಷೆಗಳಲ್ಲಿ ವ್ಯವಹರಿಸಬಲ್ಲ ಈ ಮಂದಿಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಅವರ ಬಾಯಿಗೆ ಬಂದು ಕೂತಿರುವ ಕತೆಯ ಬಗ್ಗೆ. ಆ ಕತೆಯನ್ನು ಬರೆದವರು ಅವರಲ್ಲ. ಪ್ರವಾಸೋದ್ಯಮದ ಕೈಪಿಡಿಗಳು, ಹಳೆಯ ಗೆಜೆಟಿಯರುಗಳು ಮತ್ತು ನಮ್ಮಂಥ ನೋಡುಗರ ಆಸೆಗಳು ಸೇರಿ ಅದನ್ನು ಬರೆದಿವೆ.

ಆ ಕತೆ ಎಲ್ಲಿಂದ ಶುರುವಾಗುತ್ತದೆ ನೋಡಿ. ಬಲೆಗಳ ಮುಂದೆ ಚೀನಾದ ಒಂದು ಮಾತು ಬಂದುಹೋಗುತ್ತದಾದರೂ ನಿಜವಾದ ಆರಂಭ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಬಳಿ ಬಂದಿಳಿದದ್ದು, 1524ರಲ್ಲಿ ಕೊಚ್ಚಿಯಲ್ಲಿ ಸತ್ತದ್ದು, ಅವನನ್ನು ಈ ಚರ್ಚಿನಲ್ಲಿ ಹೂಳಿದ್ದು, 1539ರಲ್ಲಿ ಮೂಳೆಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದ್ದು. ಖಾಲಿಯಾದ ಆ ಸಮಾಧಿಯ ಜಾಗಕ್ಕೆ ಕಂಬಿಯ ಕಟಕಟೆ ಹಾಕಿದ್ದಾರೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಲ್ಲದ ಒಬ್ಬ ಮನುಷ್ಯನ ಇಲ್ಲದ ಮೂಳೆಗಳು ಈ ಊರಿನ ಕತೆಯ ಮೊದಲ ಅಧ್ಯಾಯ.

1502ರಲ್ಲಿ ಇದೇ ಗಾಮ ಎರಡನೆಯ ಸಲ ಬಂದಾಗ ಮಲಬಾರಿನ ಕಡಲಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ 'ಮೀರಿ' ಎಂಬ ಹಡಗನ್ನು ತಡೆದು, ದೋಚಿ, ಜನರಿದ್ದಂತೆಯೇ ಬೆಂಕಿ ಹಚ್ಚಿಸಿದ. ಸತ್ತವರು ನೂರಾರು, ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಇದು ನಮ್ಮವರು ಕಟ್ಟಿದ ದೂರು ಅಲ್ಲ. ಆ ಹಡಗುಪಡೆಯಲ್ಲೇ ಇದ್ದ ತೋಮೆ ಲೋಪೆಸ್ ಎಂಬಾತ ಕಣ್ಣಾರೆ ಕಂಡು ಬರೆದಿಟ್ಟದ್ದು. ತಾಯಂದಿರು ಒಡವೆಗಳನ್ನೂ ಕೂಸುಗಳನ್ನೂ ಎತ್ತಿ ತೋರಿಸಿ ಬೇಡಿಕೊಂಡದ್ದನ್ನೂ ಆತ ಬಿಟ್ಟಿಲ್ಲ. ಚರ್ಚಿನ ಅಂಗಳದ ಕತೆಯಲ್ಲಿ ಈ ಹಡಗಿಗೆ ಜಾಗವಿಲ್ಲ. ಇಂದು ಆ ಚರ್ಚಿನಲ್ಲಿ ಪ್ರಾರ್ಥಿಸುವವರಿಗೂ ಆ ಕ್ರೌರ್ಯಕ್ಕೂ ಸಂಬಂಧವಿಲ್ಲ. ಅದು ಪೋರ್ಚುಗೀಸರಿಂದ ಡಚ್ಚರಿಗೆ, ಡಚ್ಚರಿಂದ ಇಂಗ್ಲಿಷರಿಗೆ ಕೈ ಬದಲಾಯಿಸಿ ಈಗ ಸಿಎಸ್‌ಐ ಸಭೆಗೆ ಸೇರಿದ ಆರಾಧನಾಲಯ. ಆದರೆ ಕತೆ ಹೇಳುವವರು ನಾವಿಕನ ಸಾಹಸವನ್ನು ಉಳಿಸಿಕೊಂಡು ಉರಿದ ಹಡಗನ್ನು ಮಾತ್ರ ಮುಳುಗಿಸಿದರೆ, ಅದು ಮರೆವಿನಿಂದಾದದ್ದು ಎನ್ನಲಾಗದು. ಅಲ್ಲೊಂದು ಆಯ್ಕೆ ನಡೆದಿದೆ.

ಹಾಗೆಂದು ಎದುರು ಪಕ್ಷದ ಸರಳ ಕತೆಯೂ ನಮಗೆ ಬೇಡ. ಅದೇ ಕಾಲದಲ್ಲಿ ಕೊಚ್ಚಿಯ ರಾಜ ಸಾಮೂದಿರಿಯ ಮೇಲಿನ ಹಗೆಗಾಗಿ ಪೋರ್ಚುಗೀಸರನ್ನು ಬರಮಾಡಿಕೊಂಡ. ಕೊಚ್ಚಿಯ ಮರಕ್ಕಾರ್ ವರ್ತಕರೂ ಮೊದಮೊದಲು ಅವರಿಗೆ ಮೆಣಸು ಒದಗಿಸಿ ವ್ಯಾಪಾರ ಮಾಡಿದವರೇ. ಆಮೇಲೆ ಮುನಿಸು ಬೆಳೆದು, ಅವರಲ್ಲಿ ಕೆಲವರು ಸಾಮೂದಿರಿಯ ಕಡೆ ಸೇರಿ ಕುಂಞಾಲಿ ಮರಕ್ಕಾರರಾಗಿ ಕಡಲಲ್ಲಿ ಕಾದಾಡಿದರು ಎನ್ನುತ್ತದೆ ಪರಂಪರೆ. ಲಾಭ, ಭಯ, ಸ್ವಾಭಿಮಾನ ಎಲ್ಲವೂ ಕಲಸಿದ ಈ ಕತೆ ಗಾಮನ ಸಮಾಧಿಯ ಕತೆಗಿಂತ ಎಷ್ಟೋ ರೋಚಕ. ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್ ಹದಿನಾರನೇ ಶತಮಾನದ ಕೊನೆಯ ಭಾಗದಲ್ಲಿ ಅರಬಿಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್' ಪೋರ್ಚುಗೀಸರು ಬಂದ ಮೇಲೆ ಮಲಬಾರಿಗೆ ಏನಾಯಿತೆಂದು ದಡದ ಮೇಲೆ ನಿಂತು ಹೇಳುತ್ತದೆ. ಹಡಗಿನಿಂದ ಕಂಡ ದಡದ ಕತೆ ಎಲ್ಲರ ಬಾಯಲ್ಲಿದೆ. ದಡದಿಂದ ಕಂಡ ಹಡಗಿನ ಕತೆ ಗ್ರಂಥಾಲಯದಲ್ಲಿದೆ.

ಗಾಮನಿಗೂ ಮೊದಲು ಕೊಚ್ಚಿಗೆ ದಾಖಲೆ ಇರಲಿಲ್ಲವೇ? ಇತ್ತು. ಚೀನೀ ಬಲೆಗಳ ಮುಂದೆ ಕೆಲವರು ಕುಬ್ಲಾಯ್ ಖಾನನ ಹೆಸರು ಹೇಳುತ್ತಾರೆ, ಕೆಲವರು ಝೆಂಗ್ ಹೆ ಎಂಬ ಚೀನೀ ನೌಕಾಧಿಪತಿಯ ಹೆಸರು ಹೇಳುತ್ತಾರೆ. ಬಲೆಯನ್ನು ತಂದವರು ಮಕಾವಿನ ಕಡೆಯಿಂದ ಬಂದ ಪೋರ್ಚುಗೀಸರೇ ಇರಬೇಕೆಂಬ ವಾದವೂ ಇದೆ. ಅದು ಹೇಗೂ ಇರಲಿ. ಝೆಂಗ್ ಹೆ ಮುಸ್ಲಿಂ ಮನೆತನದಲ್ಲಿ ಹುಟ್ಟಿದವನು. ಅವನ ಪಡೆಯಲ್ಲಿ ದುಭಾಷಿಯಾಗಿದ್ದ ಮಾ ಹುಆನ್ ಕೂಡ ಮುಸ್ಲಿಮನೇ. 1413ರ ಯಾನದಿಂದ ಶುರುಮಾಡಿ ತಾನು ಕಂಡ ರೇವುಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ಕೊಚ್ಚಿಗೊಂದು ಅಧ್ಯಾಯವಿದೆ. ಅಲ್ಲಿನ ಜನರನ್ನು ಅವನು ಐದು ವರ್ಗಗಳಾಗಿ ವಿಂಗಡಿಸುತ್ತಾನೆ. ರಾಜನ ಕಡೆಯವರು, ಮುಸ್ಲಿಮರು, ಚೆಟ್ಟಿ ವರ್ತಕರು, ದಲ್ಲಾಳಿಗಳು, ಕೊನೆಗೆ ಮುಕ್ಕುವರು. ಈ ಮುಕ್ಕುವರು ನಮ್ಮ ಮೊಗವೀರರ ಹಾಗೆ ಕಡಲನ್ನೇ ನಂಬಿದ ಜನ. ಅವರು ಮೂರಡಿಗಿಂತ ಎತ್ತರದ ಗುಡಿಸಲು ಕಟ್ಟುವಂತಿಲ್ಲ, ಮೇಲಿನವರು ಎದುರಾದರೆ ನೆಲಕ್ಕೆ ಬೀಳಬೇಕು, ಮೀನು ಹಿಡಿದೋ ಹೊರೆ ಹೊತ್ತೋ ಬದುಕಬೇಕು ಎಂಬುದನ್ನೆಲ್ಲ ಆತ ಬರೆದಿದ್ದಾನೆ. ಗಾಮನ ಹಡಗು ಬರುವುದಕ್ಕೆ ಎಂಬತ್ತು ಚಿಲ್ಲರೆ ವರ್ಷ ಮೊದಲೇ ಒಬ್ಬ ಹೊರಗಿನವನ ಕಣ್ಣು ರಾಜನ ಜೊತೆಗೆ ಮೂರಡಿಯ ಗುಡಿಸಲನ್ನೂ ಕಂಡಿತ್ತು. ಇಂದಿನ ಸುತ್ತಿನಲ್ಲಿ ಬಲೆ ಇದೆ, ಬಲೆಯ ಕತೆ ಇದೆ. ಆ ಬಲೆ ಎಳೆಯುವ ಆರೇಳು ಜನರ ಕೂಲಿಯ ಮಾತು ಇಲ್ಲ.

ಇನ್ನೊಂದು ದಾಖಲೆ ಕಲ್ಲಿನದು. ಕೊಚ್ಚಂಗಾಡಿಯಲ್ಲಿ ಒಂದು ಕಾಲಕ್ಕೆ ಯಹೂದಿಗಳ ಸಿನಗಾಗ್ ಇತ್ತು. ಅದು ಹೋಯಿತು. ಅದರ ಹೀಬ್ರೂ ಶಾಸನಶಿಲೆ ಉಳಿಯಿತು. ಅದರ ಕಾಲ 1344. ಇಂದು ಆ ಕಲ್ಲು ಜ್ಯೂ ಟೌನಿನ ಪರದೇಶಿ ಸಿನಗಾಗಿನ ಆವರಣದಲ್ಲಿ ಗೋಡೆಗೆ ಸೇರಿಕೊಂಡಿದೆ. ಸಿನಗಾಗ್ ನೋಡಬಂದವರ ಕಣ್ಣು ಒಳಗಿನ ಚೀನೀ ಹೆಂಚುಗಳ ಮೇಲೆ, ತೂಗುದೀಪಗಳ ಮೇಲೆ. ಊರಿನ ಹಳೆಯ ನೆನಪನ್ನು ಹೊತ್ತ ಆ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಅದು ಮೊದಲು ಇದ್ದ ಕೊಚ್ಚಂಗಾಡಿ ಇಂದು ಮುಸ್ಲಿಂ ಮೊಹಲ್ಲಾ. ಹದಿನಾರನೇ ಶತಮಾನದ್ದೆಂದು ಹೇಳಲಾಗುವ ಚೆಂಬಿಟ್ಟ ಪಳ್ಳಿ ಅಲ್ಲೇ ಇದೆ. ಒಂದು ಜನದ ಕಲ್ಲು ಇನ್ನೊಂದು ಜನದ ಮೊಹಲ್ಲಾದಿಂದ ಎದ್ದು ಬಂದಿದೆ ಎಂಬ ಈ ಒಂದು ಸಂಗತಿಯಿಂದಲೇ ಕೊಚ್ಚಿಯ ಕತೆಯನ್ನು ಶುರು ಮಾಡಬಹುದಿತ್ತು. ಯಾರೂ ಮಾಡುವುದಿಲ್ಲ.

ಈಗ ಪಾಯಿಂಟುಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಪೋರ್ಚುಗೀಸರು ಹೋದರು. ಡಚ್ಚರು ಹೋದರು. ಇಂಗ್ಲಿಷರು ಹೋದರು. ಇಸ್ರೇಲ್ ಸ್ಥಾಪನೆಯಾದ ಮೇಲೆ, ಮುಖ್ಯವಾಗಿ 1950ರ ದಶಕದಲ್ಲಿ, ಯಹೂದಿಗಳಲ್ಲಿ ಬಹುಪಾಲು ಜನ ಹೋದರು. ಈ ಪಟ್ಟಿಯಲ್ಲಿ ಮುಖ್ಯ ಸ್ಥಾನ ಸಿಕ್ಕಿರುವುದೆಲ್ಲ ಬಂದು ಹೋದವರಿಗೆ. ಬಂದು ನಿಂತವರಿಗೆ, ಹೆತ್ತು ಹೊತ್ತು ಇಲ್ಲೇ ಮಣ್ಣಾದವರಿಗೆ, ಅದರಲ್ಲಿ ಜಾಗ ಸಿಕ್ಕಿರುವುದು ಅಪರೂಪ. ಊರಿನ ಹೆಸರಿಡುವ ರೀತಿಯೂ ಇದನ್ನೇ ಹೇಳುತ್ತದೆ. ಮಟ್ಟಾಂಚೇರಿಯ ಅರಮನೆಯನ್ನು 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟರು. ರಾಜಮನೆತನ ಅಲ್ಲಿ ಬಾಳಿತು. ಒಳಗೋಡೆಗಳ ಮೇಲೆ ಈ ನೆಲದ ಕಲಾವಿದರು ರಾಮಾಯಣವನ್ನು ಬರೆದರು. ಹದಿನೇಳನೇ ಶತಮಾನದಲ್ಲಿ ಡಚ್ಚರು ಒಮ್ಮೆ ದುರಸ್ತಿ ಮಾಡಿಸಿದರು. ಈಗ ಅದು 'ಡಚ್ ಅರಮನೆ'! ರಿಪೇರಿ ಮಾಡಿಸಿದವನ ಹೆಸರು ಉಳಿಯಿತು, ಗೋಡೆಗೆ ಬಣ್ಣ ತುಂಬಿದವನ ಹೆಸರು ಯಾರಿಗೂ ಬೇಕಾಗಲಿಲ್ಲ.

ಹೋದವರ ಕತೆಯನ್ನಾದರೂ ಪೂರ್ತಿ ಹೇಳುತ್ತಾರೆಯೇ ಎಂದರೆ ಅದೂ ಇಲ್ಲ. 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗನ್ನು ಸಹಬಾಳ್ವೆಯ ಗುರುತಾಗಿ ತೋರಿಸುತ್ತಾರೆ, ಸರಿಯೇ. ರಾಜನ ಅರಮನೆ, ದೇವಸ್ಥಾನ, ಸಿನಗಾಗ್ ಒಂದಕ್ಕೊಂದು ತಾಗಿಕೊಂಡು ನಿಂತಿರುವುದನ್ನು ಜಗತ್ತಿನ ಎಷ್ಟು ಊರುಗಳಲ್ಲಿ ಕಾಣಬಹುದು? ಆದರೆ ಅದೇ ಸಿನಗಾಗಿನ ಒಳಗೆ ದಾಸ್ಯದಿಂದ ಬಿಡುಗಡೆ ಹೊಂದಿದವರ ಸಂತತಿಗೆ ಸಮಾನ ಸ್ಥಾನವಿರಲಿಲ್ಲ. ಅದರ ವಿರುದ್ಧ ಗಾಂಧೀಜಿಯ ಸತ್ಯಾಗ್ರಹದ ದಾರಿ ಹಿಡಿದು ಹೋರಾಡಿದವರು ಎ.ಬಿ. ಸೇಲಂ ಎಂಬ ವಕೀಲರು. ಜನ ಅವರನ್ನು 'ಯಹೂದಿ ಗಾಂಧಿ' ಎಂದು ಕರೆದರು. ಆ ಓಣಿಗೆ ಈಗ ಅವರದೇ ಹೆಸರಿದೆ. ಪ್ರವಾಸಿಗಳು ಆ ಹೆಸರಿನ ಓಣಿಯಲ್ಲೇ ಚೌಕಾಶಿ ಮಾಡಿ ಹಳೆಯ ಬೀಗ ಕೊಳ್ಳುತ್ತಾರೆ, ಸೇಲಂ ಯಾರೆಂದು ಕೇಳುವುದಿಲ್ಲ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಮಲಬಾರಿ ಯಹೂದಿಗಳ ಕಡವುಂಭಾಗಂ ಸಿನಗಾಗ್ ಇದೆ. ಅದರ ಕೆತ್ತನೆಯ ಒಳಾಂಗಣ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿತು. ಕಟ್ಟಡ ಗೋದಾಮಾಯಿತು. 2019ರ ಮಳೆಗೆ ಅದರ ಮುಂಭಾಗ ಕುಸಿದುಬಿತ್ತು. ಹೊಳೆಯುವ ಸಿನಗಾಗ್ ಪಾಯಿಂಟಾಯಿತು. ಕುಸಿದ ಸಿನಗಾಗ್ ನಡುವಿನ ದಾರಿಯಾಯಿತು.

ಅದೇ 2019ರಲ್ಲಿ ತೀರಿಕೊಂಡ ಸಾರಾ ಕೊಹೆನ್ ಅವರ ಕಸೂತಿ ಅಂಗಡಿ ಜ್ಯೂ ಟೌನಿನಲ್ಲಿ ಬಹಳ ಹೆಸರಾದದ್ದು. ಅವರ ಮುಪ್ಪಿನಲ್ಲಿ ಅಂಗಡಿಯನ್ನು ನಡೆಸಿ, ಅವರನ್ನು ಮನೆಯವರಂತೆ ನೋಡಿಕೊಂಡವರು ಒಬ್ಬ ಮುಸ್ಲಿಂ ಗೆಳೆಯ ಮತ್ತು ಅವರ ಕುಟುಂಬ. ಸಬ್ಬತ್ತಿನ ಟೋಪಿಗಳಿಗೆ ಹಾಕುವ ಕಸೂತಿಯನ್ನು ಆ ಮುಸ್ಲಿಂ ಗೆಳೆಯನೂ ಕಲಿತ. ಪತ್ರಿಕೆಗಳಲ್ಲಿ ಇದು ಬಂದದ್ದು 'ಅಪರೂಪದ ಸೌಹಾರ್ದ' ಎಂಬ ಶೀರ್ಷಿಕೆಯ ಅಡಿಯಲ್ಲಿ. ಅಕ್ಕಪಕ್ಕದ ಮನೆಯವರು ಮುದುಕಿಯೊಬ್ಬರನ್ನು ನೋಡಿಕೊಳ್ಳುವುದು ನಮ್ಮ ಕಾಲದಲ್ಲಿ ಅಪರೂಪದ ಸುದ್ದಿಯಾಯಿತಲ್ಲ ಎಂದು ಬೇಸರಪಡಬೇಕೋ, ಸುದ್ದಿಯಾದರೂ ಆಯಿತಲ್ಲ ಎಂದು ಸಂತೋಷಪಡಬೇಕೋ ತಿಳಿಯದು.

ಇನ್ನು ಬಂದು ನಿಂತವರ ವಿಷಯ. ಹದಿನಾರನೇ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಮತಪೀಡನೆ ತಾಳಲಾರದೆ ಹೊರಟ ಕೊಂಕಣಿಗರು ನಮ್ಮ ಕರಾವಳಿಯ ಊರುಗಳಲ್ಲಿ ನೆಲೆಸಿದ ಹಾಗೆಯೇ ಕೊಚ್ಚಿಯವರೆಗೂ ಹೋದರು. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಅವರ ತಿರುಮಲ ದೇವಸ್ಥಾನವಿದೆ, ಮನೆಗಳಲ್ಲಿ ಕೊಂಕಣಿ ಇದೆ. ಡಚ್ಚರ ವಾನ್ ರೀಡ್ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಹೊರ್ತುಸ್ ಮಲಬಾರಿಕುಸ್' ಎಂಬ ಸಸ್ಯಕೋಶ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದಕ್ಕೆ ಗಿಡಗಳ ಜ್ಞಾನ ಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುದನ್ ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಚ್ಚಿಯ ಮೂವರು ಕೊಂಕಣಿ ಬ್ರಾಹ್ಮಣರು. ಒಂದೂರಿನಿಂದ ಓಡಿಸಲ್ಪಟ್ಟವರು ಇನ್ನೊಂದೂರಿನ ಎಲೆಬಳ್ಳಿಗಳನ್ನು ಜಗತ್ತಿಗೆ ಪರಿಚಯಿಸಿದರು. ನೆಲವೂರಿದವರಷ್ಟೇ ಹೀಗೆ ಮಣ್ಣಿನ ಗುಟ್ಟು ಬಲ್ಲರು.

ಕಚ್ಛದಿಂದ ವ್ಯಾಪಾರಕ್ಕೆ ಬಂದ ಮೆಮನರು ಇಲ್ಲೇ ಮನೆ ಕಟ್ಟಿದರು, ಮಸೀದಿ ಕಟ್ಟಿದರು. ಗುಜರಾತಿ ಬನಿಯರ, ಜೈನರ ಬೀದಿಗಳಿವೆ. ಪರಂಗಿಗಳೆಂದು ಕರೆಸಿಕೊಳ್ಳುವ ಮಿಶ್ರ ಸಂತತಿಯ ಕ್ರೈಸ್ತರಿದ್ದಾರೆ. ದಖ್ಖನಿನಿಂದ ಬಂದ ದಖನಿಗಳಿದ್ದಾರೆ. ಬೀದರ್‌ನಿಂದ ಮೈಸೂರಿನವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಕೇಳುವ ದಖನಿ ಉರ್ದು ಮಲಯಾಳದ ರಾಗ ಹಿಡಿದು ಮಟ್ಟಾಂಚೇರಿಯ ಓಣಿಗಳಲ್ಲಿ ಕಿವಿಗೆ ಬಿದ್ದಾಗ ಆಗುವ ಸುಖವನ್ನು ಆ ಭಾಷೆ ಬಲ್ಲವರೇ ಬಲ್ಲರು. ಹಳೆಯ ಮಲಯಾಳ ಚಿತ್ರಗೀತೆಗಳನ್ನು ಹಾಡಿದ ಮೆಹಬೂಬ್ ಈ ದಖನಿ ಮನೆಯ ಮಗ. 1926ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಅವರನ್ನು ಕೊಚ್ಚಿಯವರು ಇಂದಿಗೂ 'ಮೆಹಬೂಬ್ ಭಾಯಿ' ಎಂದೇ ನೆನೆಯುತ್ತಾರೆ. ಮಲಯಾಳದಲ್ಲಿ ಗಜಲ್ ಹಾಡಿ ಮನೆಮಾತಾದ, 2018ರಲ್ಲಿ ಅಗಲಿದ ಉಂಬಾಯಿ ಕೂಡ ಮಟ್ಟಾಂಚೇರಿಯವರು. ಮೆಣಸಿನ ಮೂಟೆ ಹೊರುವ ಊರಿನಲ್ಲಿ ರಾತ್ರಿ ಮೆಹಫಿಲ್ ಕೂಡುತ್ತಿತ್ತು. ಹಗಲು ನಾಲ್ಕು ಗಂಟೆಯ ಸುತ್ತಿಗೆ ರಾತ್ರಿಯ ಮೆಹಫಿಲ್ ಹೇಗೆ ಕೇಳಿಸೀತು?

ನಿಂತವರ ಪೈಕಿ ತಪ್ಪದೆ ತೋರಿಸುವ ಒಂದು ಜಾಗವೆಂದರೆ ಧೋಬಿಖಾನೆ. ಡಚ್ಚರ ಕಾಲದಲ್ಲಿ ಸೈನಿಕರ ಬಟ್ಟೆ ಒಗೆಯಲು ತಮಿಳು ನಾಡಿನಿಂದ ಕರೆತಂದ ಮಡಿವಾಳರ ಸಂತತಿ ಇಂದಿಗೂ ಅಲ್ಲಿ ಕೆಲಸ ಮಾಡುತ್ತಿದೆ. ತೊಟ್ಟಿಗಳ ಸಾಲು, ಗಂಟಿಲ್ಲದೆ ಹೆಣೆದ ಹಗ್ಗಕ್ಕೆ ಸಿಕ್ಕಿಸಿದ ಬಿಳಿ ಬಟ್ಟೆ, ಇದ್ದಿಲ ಇಸ್ತ್ರಿಪೆಟ್ಟಿಗೆ. ಗಾಡಿ ಹತ್ತು ನಿಮಿಷ ನಿಲ್ಲುತ್ತದೆ, ಕ್ಯಾಮೆರಾ ಹೊರಬರುತ್ತದೆ. ಸತ್ತವರನ್ನು ಇತಿಹಾಸವೆಂದು ತೋರಿಸುವ ಸುತ್ತು ಬದುಕಿರುವವರನ್ನು ದೃಶ್ಯವೆಂದು ತೋರಿಸುತ್ತದೆ. ಗಾಮನ ಬಗ್ಗೆ ಇಸವಿಗಳನ್ನು ಹೇಳುವವರು, ಈ ಮಡಿವಾಳರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮುಂದಿನ ತಲೆಮಾರು ಈ ಕೆಲಸಕ್ಕೆ ಬರುತ್ತದೆಯೇ ಎಂದು ಹೇಳುವುದಿಲ್ಲ. ಸೈನಿಕರ ಹೆಸರಿನಲ್ಲಿ ಸ್ಮಶಾನ ಉಳಿದಿದೆ. ಅವರ ಅಂಗಿ ಒಗೆದವರು ಇನ್ನೂ ಒಗೆಯುತ್ತಲೇ ಇದ್ದಾರೆ.

ಜ್ಯೂ ಟೌನ್ ಮುಟ್ಟುವ ಮೊದಲು ಹಾದುಹೋಗುವ ಬಜಾರ್ ರಸ್ತೆಗೆ ಬರೋಣ. ಹಿನ್ನೀರಿಗೆ ಬೆನ್ನು ಕೊಟ್ಟು ನಿಂತ ಸಾಲು ಸಾಲು ಗೋದಾಮುಗಳು. ಶುಂಠಿ, ಮೆಣಸು, ಏಲಕ್ಕಿಯ ವಾಸನೆ. "ಸಾಂಬಾರದ ಪರಿಮಳ ಅನುಭವಿಸಿ" ಎನ್ನುತ್ತಾರೆ. ಈ ಪರಿಮಳವನ್ನು ಬೆನ್ನ ಮೇಲೆ ಹೊತ್ತವರ ಕತೆಯ ಹೆಸರು 'ಚಾಪ್ಪ'. ಬಂದರಿನಲ್ಲಿ ಅಂದಿನ ಕೆಲಸ ಯಾರಿಗೆಂದು ತೀರ್ಮಾನಿಸಲು ಗುತ್ತಿಗೆದಾರರ ಕಡೆಯವರು ಲೋಹದ ಬಿಲ್ಲೆಗಳನ್ನು ಕೂಲಿಗಳ ಗುಂಪಿನ ಮೇಲೆ ಎಸೆಯುತ್ತಿದ್ದರು. ಬಿದ್ದು, ಒದ್ದು, ಒಬ್ಬರ ಮೇಲೊಬ್ಬರು ಉರುಳಿ ಬಿಲ್ಲೆ ಹಿಡಿದವನಿಗೆ ಆ ದಿನದ ಅನ್ನ. ಈ ಅವಮಾನದ ವಿರುದ್ಧ ಎದ್ದ ಕಾರ್ಮಿಕರ ಮೇಲೆ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಆ ಹೋರಾಟದಲ್ಲಿ ಪ್ರಾಣ ತೆತ್ತವರು ಸೈದು, ಸೈದಲವಿ ಮತ್ತು ಆಂಟನಿ. ಕೆ.ಎಂ. ಚಿದಂಬರಂ ಇದನ್ನು ನಾಟಕ ಮಾಡಿದರು. ಅದನ್ನಾಧರಿಸಿ ರಾಜೀವ್ ರವಿ ನಿರ್ದೇಶಿಸಿದ 'ತುರಮುಖಂ' ಸಿನಿಮಾ 2023ರಲ್ಲಿ ಬಂತು. ನಾಟಕಕ್ಕೆ, ಸಿನಿಮಾಕ್ಕೆ ಒದಗಿದ ಈ ಕತೆ ಅದೇ ರಸ್ತೆಯಲ್ಲಿ ದಿನವೂ ಓಡುವ ಗಾಡಿಗಳಿಗೆ ಏಕೆ ಒದಗಲಿಲ್ಲ?

ಉತ್ತರ ಹುಡುಕುವಾಗ ಒಂದು ಮಾತುಕತೆ ನೆನಪಾಗುತ್ತದೆ. ಇಂಥದೇ ಸುತ್ತಿನಲ್ಲಿ, ಬಜಾರ್ ರಸ್ತೆಗೆ ಲಾರಿಯೊಂದು ಅಡ್ಡ ನಿಂತು ಮೂಟೆ ಇಳಿಸುತ್ತಿತ್ತು. ನಮ್ಮ ಆಟೋ ಅಲುಗುವಂತಿರಲಿಲ್ಲ. ಅಲ್ಲಿಯವರೆಗೆ ಇಂಗ್ಲಿಷ್, ಹಿಂದಿ ಬೆರೆಸಿ ವಿವರಣೆ ಕೊಡುತ್ತಿದ್ದ, ಐವತ್ತು ದಾಟಿದ ಚಾಲಕರನ್ನು ಕೇಳಿದೆ:

"ಇಕ್ಕಾ, ನಿಮ್ಮ ಮನೆ ಎಲ್ಲಿ?"

"ಇಲ್ಲೇ ಸಾರ್. ಹಿಂದಿನ ಓಣಿ. ಎರಡು ತಿರುವು."

"ಆ ಕಡೆಯಿಂದ ಹೋಗೋಣವೇ?"

ಅವರು ನಕ್ಕರು. "ಅಲ್ಲೇನಿದೆ ಸಾರ್ ನೋಡಲಿಕ್ಕೆ? ಮನೆಗಳು ಅಷ್ಟೆ. ಜನ ಇದ್ದಾರೆ."

ಲಾರಿ ಸರಿಯುವವರೆಗೆ ಮಾತಾಡಿದೆವು. ಅವರ ಅಜ್ಜ ಬಂದರಿನಲ್ಲಿ ಚಾಪ್ಪ ಹೆಕ್ಕಿದವರಂತೆ. ಒಮ್ಮೆ ನೂಕುನುಗ್ಗಲಿನಲ್ಲಿ ಕೈಬೆರಳು ಮುರಿದು, ಅದು ಸೊಟ್ಟಗೇ ಉಳಿದಿತ್ತಂತೆ. ಚಿಕ್ಕಂದಿನಲ್ಲಿ ಆ ಸೊಟ್ಟ ಬೆರಳು ಹಿಡಿದುಕೊಂಡೇ ಇವರು ಮಸೀದಿಗೆ ಹೋಗುತ್ತಿದ್ದದ್ದು. ಇದನ್ನೆಲ್ಲ ಹೇಳುವಾಗ ಅವರ ಹಿಂದಿ ತಡವರಿಸಲಿಲ್ಲ. ಇಸವಿಗಳಿಲ್ಲದಿದ್ದರೂ ಕತೆ ನಡೆಯಿತು. ಲಾರಿ ಸರಿಯಿತು. ಅವರು ಗೇರು ಹಾಕಿ, "ನೆಕ್ಸ್ಟ್ ಪಾಯಿಂಟ್ ಡಚ್ ಪ್ಯಾಲೇಸ್ ಸಾರ್" ಎಂದರು.

'ಮನೆಗಳು ಅಷ್ಟೆ, ಜನ ಇದ್ದಾರೆ' ಎಂಬ ಆ ಮಾತಿನಲ್ಲಿ ಇಡೀ ಪ್ರವಾಸೋದ್ಯಮದ ಸಿದ್ಧಾಂತವಿದೆ. ಜನ ಇರುವ ಜಾಗ ನೋಡುವ ಜಾಗವಲ್ಲ. ಜನ ಬಿಟ್ಟುಹೋದ ಮೇಲೆ ಅದು ನೋಡುವ ಜಾಗವಾಗುತ್ತದೆ. ಇದನ್ನು ಆ ಚಾಲಕರಿಗೆ ಕಲಿಸಿದವರು ಯಾರು? ನಾವೇ. ಗಾಡಿ ಹತ್ತುವ ಮೊದಲು 'ಏನೇನು ತೋರಿಸುತ್ತೀರಿ?' ಎಂದು ಕೇಳುತ್ತೇವೆಯೇ ಹೊರತು 'ಇಲ್ಲಿ ಹೇಗೆ ಬದುಕುತ್ತೀರಿ?' ಎಂದು ಕೇಳುವುದಿಲ್ಲ. ಕಡಿಮೆ ಬಾಡಿಗೆಗೆ ಹೆಚ್ಚು ಪಾಯಿಂಟು ಬೇಕು ಎಂದು ಚೌಕಾಶಿ ಮಾಡುತ್ತೇವೆ. ಬಾಡಿಗೆ ಇಳಿದಷ್ಟೂ ಅವರು ಅಂಗಡಿಗಳ ಕಮಿಷನ್ನಿಗೆ ಕೈಯೊಡ್ಡಬೇಕಾಗುತ್ತದೆ, ಗಾಡಿ ಅಂಗಡಿಯ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಆಮೇಲೆ 'ಇವರೆಲ್ಲ ಕಮಿಷನ್ನಿನವರು' ಎಂದು ದೂರುತ್ತೇವೆ. ಹೀಗೆ ಊರಿನ ಮಗನೇ ತನ್ನ ಊರಿನಲ್ಲಿ ಪರರ ಕತೆಯ ಸೇಲ್ಸ್‌ಮನ್ ಆಗುತ್ತಾನೆ. ತನ್ನ ಕತೆಗೆ ಬೆಲೆಯಿಲ್ಲ ಎಂದು ಅವನೇ ನಂಬುವಂತೆ ಆಗುವುದು ವಸಾಹತುಶಾಹಿಯ ಎಲ್ಲಕ್ಕಿಂತ ದೊಡ್ಡ ಗೆಲುವು. ಅದಕ್ಕೆ ಕೋಟೆಯೂ ಬೇಡ, ಫಿರಂಗಿಯೂ ಬೇಡ.

ಹಳೆಯ ಸಫರ್‌ನಾಮೆಗಳನ್ನು ಓದಿದವರಿಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. ಹದಿನಾಲ್ಕನೇ ಶತಮಾನದ ಇಬ್ನ್ ಬತೂತ ನಮ್ಮ ಮಂಗಳ���ರನ್ನೂ ಕಲ್ಲಿಕೋಟೆಯನ್ನೂ ಕಂಡವನು. ಕಲ್ಲಿಕೋಟೆಯಿಂದ ಕೊಲ್ಲಂಗೆ ಹಿನ್ನೀರಿನ ದೋಣಿಯಲ್ಲಿ ಹತ್ತು ದಿನ ಹೋದ. ದಾರಿಯಲ್ಲಿ ಗುಡ್ಡದ ಮೇಲೆ ಯಹೂದಿಗಳ ಊರೊಂದನ್ನು ಕಂಡದ್ದನ್ನು ಬರೆದಿದ್ದಾನೆ. ಜೊತೆಗೆ, ತನ್ನ ಜಮಖಾನ ಹೊರಲು ಗೊತ್ತುಮಾಡಿಕೊಂಡ ಮುಸ್ಲಿಂ ಕೂಲಿಯಾಳು ರಾತ್ರಿ ದಡದಲ್ಲಿ ಇತರರೊಂದಿಗೆ ಕುಡಿದು ತನ್ನ ಮೇಲೆ ಜಗಳಕ್ಕೆ ಬರುತ್ತಿದ್ದನೆಂದು ಗೊಣಗಿದ್ದಾನೆ! ಖಾಝಿಯಾಗಿದ್ದ ಆ ಮಹಾಶಯನ ಸಿಟ್ಟು ಓದಿದರೆ ಇಂದಿಗೂ ನಗು ಬರುತ್ತದೆ. ಆದರೆ ಆ ಕೂಲಿಯಾಳು ಏಳುನೂರು ವರ್ಷಗಳ ಬಳಿಕವೂ ಪುಟದಲ್ಲಿ ಬದುಕಿದ್ದಾನೆ, ಗುಣದೋಷಗಳ ಸಮೇತ. ನಮ್ಮ ಮೊಬೈಲುಗಳಲ್ಲಿ ಇರುವ ನೂರಾರು ಫೋಟೋಗಳಲ್ಲಿ ಊರು ತೋರಿಸಿದ ಚಾಲಕನ ಮುಖ ಎಷ್ಟರಲ್ಲಿದೆ?

ಗಾಡಿ ತೋರಿಸದ ಕೊಚ್ಚಿಯನ್ನು ಕಾದಂಬರಿ ತೋರಿಸಿದೆ. ಎನ್.ಎಸ್. ಮಾಧವನ್ ಅವರ 'ಲಂದನ್ ಬತ್ತೇರಿಯಿಲೆ ಲುತ್ತಿನಿಯಗಳ್' 2003ರಲ್ಲಿ ಬಂತು. ಅದು ಕೊಚ್ಚಿಯ ದ್ವೀಪವೊಂದರ ಕ್ರೈಸ್ತ ಬಡಗಿಗಳ, ಬೆಸ್ತರ, ನಾಟಕದವರ ಲೋಕ. ಜಾನಿ ಮಿರಾಂಡ ಪರಂಗಿಗಳ ಬದುಕನ್ನು ಒಳಗಿನವನಾಗಿ ಬರೆದರು. ಸಲ್ಮಾನ್ ರಶ್ದಿಯ 1995ರ 'ದ ಮೂರ್ಸ್ ಲಾಸ್ಟ್ ಸೈ' ಕೂಡ ಕೊಚ್ಚಿಯ ಸಾಂಬಾರ ವ್ಯಾಪಾರದ ಮನೆತನದ ಕತೆಯೇ. ಆದರೆ ಗಾಮನ ಹೆಸರು ಹೊತ್ತ ಆ ಮನೆತನದ ಕತೆಯಲ್ಲಿ ಗೋದಾಮಿನ ಮಾಲಿಕರು ಕಾಣುವಷ್ಟು ಸ್ಪಷ್ಟವಾಗಿ ಮೂಟೆ ಹೊರುವವರು ಕಾಣುವುದಿಲ್ಲ. ಜಗತ್ತಿಗೆ ಗೊತ್ತಾದ ಕೊಚ್ಚಿ ರಶ್ದಿಯದು, ಮಲಯಾಳಕ್ಕೆ ಗೊತ್ತಿರುವ ಕೊಚ್ಚಿ ಮಾಧವನ್ ಮತ್ತು ಮಿರಾಂಡರದು. ಸಾಹಿತ್ಯದಲ್ಲೂ ಪಾಯಿಂಟುಗಳಿವೆ, ನಡುವಿನ ದಾರಿಗಳಿವೆ.

ಇಷ್ಟೆಲ್ಲ ಒಂದು ಆಟೋ ಸುತ್ತಿಗಾಗಿ ಬರೆಯಬೇಕೇ ಎಂದು ಓದುಗರು ಕೇಳಬಹುದು. ಬರೆಯಬೇಕಾದ ಕಾರಣವಿದೆ. 'ನೀವು ಎಲ್ಲಿಂದ ಬಂದವರು?' ಎಂಬ ಪ್ರಶ್ನೆ ಈ ದೇಶದಲ್ಲಿ ದಿನದಿಂದ ದಿನಕ್ಕೆ ಹರಿತವಾಗುತ್ತಿದೆ. ಕೊಚ್ಚಿಯ ಮಣ್ಣಿನಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಅಲ್ಲಿ ಬಂದವರೇ ಎಲ್ಲ. ಕೊಂಕಣಿಗರು ಬಂದರು, ಮೆಮನರು ಬಂದರು, ಯಹೂದಿಗಳು ಬಂದರು, ತಮಿಳರು ಬಂದರು. ಅಲ್ಲಿ ಕೇಳಬೇಕಾದ ಪ್ರಶ್ನೆ 'ಬಂದ ಮೇಲೆ ಏನು ಮಾಡಿದಿರಿ?' ಎಂಬುದು. ದೋಚಿಕೊಂಡು ಹೋದಿರಾ, ದುಡಿದು ನಿಂತಿರಾ? ಊರಿನ ಪ್ರವಾಸ ಈ ಭೇದವನ್ನು ಅಳಿಸಿ, ದೋಚಿದವನನ್ನು ಪರಂಪರೆಯೆಂದೂ ದುಡಿದವನನ್ನು ಹಿನ್ನೆಲೆಯೆಂದೂ ತೋರಿಸಿದರೆ, ನಾಳೆ ಅದೇ ಓಣಿಯ ಮಗುವನ್ನು ಯಾರೋ 'ನೀನು ಹೊರಗಿನವನು' ಎಂದಾಗ ಉತ್ತರಿಸಲು ಅದರ ಕೈಯಲ್ಲಿ ಕತೆ ಇರುವುದಿಲ್ಲ. ನಮ್ಮ ಭಟ್ಕಳ, ಉಳ್ಳಾಲ, ಮಂಗಳೂರುಗಳಿಗೂ ಇದೇ ಮಾತು ಸಲ್ಲುತ್ತದೆ. ಕಡಲ ದಡದ ಊರುಗಳ ಹಣೆಬರಹ ಒಂದೇ.

ಹಾಗಾದರೆ ಗಾಡಿ ಹತ್ತುವುದೇ ಬೇಡವೇ? ಹತ್ತಿ. ಆದರೆ ಸಾಧ್ಯವಾದರೆ ಊರಿಗೆ ನೀರಿನ ದಾರಿಯಲ್ಲಿ ಬನ್ನಿ. ಎರ್ನಾಕುಳಂನಿಂದ ದೋಣಿಗಳಿವೆ, 2023ರಲ್ಲಿ ಶುರುವಾದ ವಾಟರ್ ಮೆಟ್ರೋ 2024ರಲ್ಲಿ ಫೋರ್ಟ್ ಕೊಚ್ಚಿಯನ್ನೂ ಮುಟ್ಟಿತು. ಗೋದಾಮುಗಳ ನಿಜವಾದ ಮುಖ ಇರುವುದು ನೀರಿನ ಕಡೆಗೆ. ಆಟೋದ ತಗ್ಗು ಚಾವಣಿಯಡಿ ಕೂತು ನೋಡಿದವರಿಗೆ ಕಾಣುವುದು ಅವುಗಳ ಹಿತ್ತಿಲು. ಬಾಡಿಗೆ ಮಾತಾಡುವಾಗ ಎರಡು ಪಾಯಿಂಟು ಕಡಿಮೆ ಮಾಡಿ, ಹಣ ಕಡಿಮೆ ಮಾಡಬೇಡಿ. ಉಳಿದ ಒಂದು ಗಂಟೆಯನ್ನು ಚಾಲಕರಿಗೇ ಬಿಟ್ಟುಕೊಟ್ಟು, ನಿಮಗಿಷ್ಟವಾದ ದಾರಿಯಲ್ಲಿ ಕರೆದೊಯ್ಯಿರಿ ಎನ್ನಿ. ಕೊಚ್ಚಂಗಾಡಿಯ ಕಲ್ಲು ಎಲ್ಲಿದೆ, ಸೇಲಂ ಯಾರು, ಸೈದು ಮತ್ತು ಸೈದಲವಿ ಸತ್ತದ್ದೇಕೆ ಎಂದು ಕೇಳಿ. ಅವರಿಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಮುಂದಿನ ಗಿರಾಕಿ ಕೇಳುವ ಮೊದಲು ವಿಚಾರಿಸಿಕೊಂಡಾರು. ಗಿರಾಕಿ ಕೇಳಿದ್ದನ್ನು ಅಂಗಡಿಯವನು ತರಿಸುತ್ತಾನೆ. ಚರಿತ್ರೆಯ ಮಾರುಕಟ್ಟೆಯಲ್ಲೂ ಅದೇ ನಿಯಮ. ಇಷ್ಟು ವರ್ಷ ನಾವು ಕೇಳಿದ್ದು ಖಾಲಿ ಸಮಾಧಿಯನ್ನು, ಅದನ್ನೇ ಕೊಟ್ಟರು. ಇನ್ನು ಮೇಲೆ ಜನ ಇರುವ ಓಣಿಯನ್ನು ಕೇಳೋಣ.